ಆಮೆಯ ಯುವಿಬಿ ದೀಪ: ತೂಗುಹಾಕುವುದರಿಂದ ಬದಲಿಸುವವರೆಗೆ, ಹಂತ ಹಂತವಾಗಿ

"ದುಬಾರಿ ಟ್ಯೂಬು ಹಾಕಿದ್ದೇನೆ, ದಿನಕ್ಕೆ ಹನ್ನೆರಡು ಗಂಟೆ ಉರಿಯುತ್ತದೆ, ಆಮೆಯೂ ಅದರ ಕೆಳಗೇ ಕೂರುತ್ತದೆ. ಆದರೂ ಚಿಪ್ಪು ಮೆತ್ತಗಾಗಿದೆ, ಯಾಕೆ?" ಆಮೆ ಸಾಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೆಚ್ಚಿನ ಸಲ ತಪ್ಪು ಟ್ಯೂಬಿನಲ್ಲಿ ಇರುವುದಿಲ್ಲ, ಕೆಲಸದ ಕ್ರಮದಲ್ಲಿರುತ್ತದೆ. ಮೊದಲು ದೀಪ ತೂಗುಹಾಕಿ, ಆಮೇಲೆ ಜಾಲರಿ ಮುಚ್ಚಿ, ಆಮೇಲೆ ಮಣ್ಣು ತುಂಬಿ, ಕೊನೆಗೆ ಶಾಖದ ಬಲ್ಬನ್ನು ಇನ್ನೊಂದು ಮೂಲೆಗೆ ಸರಿಸಿಬಿಡುತ್ತಾರೆ. ಅಷ್ಟೂ ಮುಗಿದ ಮೇಲೆ ಆಮೆಯ ಬೆನ್ನಿಗೆ ಎಷ್ಟು ಯುವಿಬಿ ಬೀಳುತ್ತಿದೆ ಎಂದು ಯಾರೂ ಅಳೆದಿರುವುದಿಲ್ಲ.

ಯುವಿಬಿ ಎಂದರೆ ಸುಮಾರು 280ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ. ಟ್ಯೂಬು ಎಷ್ಟೇ ಪ್ರಖರವಾಗಿ ಉರಿಯುತ್ತಿರಲಿ, ಅದರಿಂದ ಯುವಿಬಿಯ ಲೆಕ್ಕ ಸಿಗದು. ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗಲು ಈ ಕಿರಣ ಬೇಕು, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೂಳೆಗೂ ಚಿಪ್ಪಿಗೂ ಸೇರುವುದಿಲ್ಲ. ಸಿದ್ಧಾಂತ ಇಷ್ಟು ಸಾಕು.

ಈ ಬರಹ ಮುಖ್ಯವಾಗಿ ಫ್ಲ್ಯಾಟ್‌ಗಳಲ್ಲಿ ಬೆಳೆಯುವ ಸುಲ್ಕಾಟಾ (ಆಫ್ರಿಕಾದ ದೊಡ್ಡ ನೆಲದ ಆಮೆ) ಮರಿಗಳನ್ನೂ, ಚಳಿದೇಶಗಳಲ್ಲಿರುವ ಕನ್ನಡಿಗರು ಮನೆಯೊಳಗೆ ಸಾಕುವ ಹರ್ಮನ್ ಆಮೆಗಳನ್ನೂ (ದಕ್ಷಿಣ ಯುರೋಪಿನ ನೆಲದ ಆಮೆ) ಮನಸ್ಸಿನಲ್ಲಿಟ್ಟುಕೊಂಡದ್ದು. ನಮ್ಮ ನಾಡಿನ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೆ ಯಾವ ದೀಪ ಹಾಕಬೇಕು ಎಂಬ ಪ್ರಶ್ನೆಯೇ ಬರಬಾರದು.

ಮೊದಲು ಕೈಯಲ್ಲಿರಬೇಕಾದ ಸಾಮಾನು

ಟಿ5 ಎಚ್‌ಒ (ಹೈ ಔಟ್‌ಪುಟ್, ಅಂದರೆ ಹೆಚ್ಚು ಶಕ್ತಿಯ) ಯುವಿಬಿ ಟ್ಯೂಬು. ಆರ್ಕೇಡಿಯಾದ 12 ಪರ್ಸೆಂಟ್ ಅಥವಾ ಝೂ ಮೆಡ್‌ನ ರೆಪ್ಟಿಸನ್ 10.0 ಈ ಕೆಲಸಕ್ಕೆ ಸರಿ. ಟಿ5 ಟ್ಯೂಬಿನ ದಪ್ಪ 16 ಮಿ.ಮೀ., ಹಳೆಯ ಟಿ8ರದ್ದು 26 ಮಿ.ಮೀ. ಟಿ8 ದುರ್ಬಲ, ಬೇಗ ಸೊರಗುತ್ತದೆ. ಸುರುಳಿಯಾಕಾರದ ಚಿಕ್ಕ ಕಾಂಪ್ಯಾಕ್ಟ್ ಬಲ್ಬು ಅಂಗೈಯಗಲದ ಜಾಗಕ್ಕಷ್ಟೇ ಕಿರಣ ಚೆಲ್ಲುತ್ತದೆ. ಆಮೆ ಓತಿಕ್ಯಾತದಂತೆ ಒಂದೇ ಕೊಂಬೆಯ ಮೇಲೆ ಕೂರುವ ಪ್ರಾಣಿಯಲ್ಲ, ಅದಕ್ಕೆ ಉದ್ದನೆಯ ಟ್ಯೂಬೇ ಬೇಕು.

ಹೊಳೆಯುವ ಅಲ್ಯೂಮಿನಿಯಂ ರಿಫ್ಲೆಕ್ಟರ್ ಇರುವ ಫಿಟ್ಟಿಂಗ್. ರಿಫ್ಲೆಕ್ಟರ್ ಇದ್ದರೆ ಕೆಳಗೆ ಬೀಳುವ ಕಿರಣ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಯುವಿ ಇಂಡೆಕ್ಸ್ ಮೀಟರ್. ಯುವಿ ಇಂಡೆಕ್ಸ್ ಎಂದರೆ ಯುವಿ ಕಿರಣದ ತೀವ್ರತೆಯನ್ನು ಹೇಳುವ ಅಂಕಿ. ಸೋಲಾರ್‌ಮೀಟರ್ 6.5 ಅಥವಾ 6.5ಆರ್. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ನಿಜ. ಮೂರು ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೂ ನಡೆಯುತ್ತದೆ, ಏಕೆಂದರೆ ತಿಂಗಳಿಗೆ ಒಂದು ಸಲ ಹತ್ತು ನಿಮಿಷದ ಕೆಲಸ. ಅದೇ ಕಂಪನಿಯ 6.2 ಮಾದರಿ ಯುವಿಬಿಯ ಒಟ್ಟು ಮೊತ್ತವನ್ನು ತೋರಿಸುತ್ತದೆ, ಡಿ3ಗೆ ಉಪಯೋಗವಾಗುವ ಭಾಗವನ್ನು ಪ್ರತ್ಯೇಕಿಸುವುದಿಲ್ಲ. ಒಂದೇ ಟ್ಯೂಬಿನ ಇಳಿತವನ್ನು ಹಿಂಬಾಲಿಸಲು ಅದು ಸಾಕು, ಎರಡು ಬೇರೆ ದೀಪಗಳನ್ನು ಹೋಲಿಸಲು ಸಾಲದು.

ಇನ್‌ಫ್ರಾರೆಡ್ ಥರ್ಮಾಮೀಟರ್. ಕೋವಿಡ್ ಕಾಲದಲ್ಲಿ ಕೊಂಡ ಹಣೆಯ ಥರ್ಮಾಮೀಟರ್ ಇದ್ದರೆ ಅದರಲ್ಲಿ ವಸ್ತುವಿನ ಮೇಲ್ಮೈ ಅಳೆಯುವ ಮೋಡ್ ಇದೆಯೇ ನೋಡಿ. ದೇಹದ ಮೋಡ್‌ನಲ್ಲಿ ಕಲ್ಲಿನ ಬಿಸಿ ಅಳೆದರೆ ತಪ್ಪು ಅಂಕಿ ಬರುತ್ತದೆ.

ಇವಲ್ಲದೆ ತೂಗುಹಾಕಲು ಸರಪಳಿ ಮತ್ತು ಎಸ್ ಕೊಕ್ಕೆ, ಟೇಪು, ಟೈಮರ್, ಅಳಿಸದ ಮಾರ್ಕರ್ ಪೆನ್ನು, ಒಂದು ನೋಟ್‌ಬುಕ್.

ಕೊಳ್ಳಬಾರದ್ದೂ ಇವೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ "ಯುವಿ ಟ್ಯೂಬು" ಎಂದು ಕೇಳಿದರೆ ಎರಡರಲ್ಲಿ ಒಂದನ್ನು ಕೊಡುತ್ತಾರೆ. ಒಂದು ನೀರು ಶುದ್ಧೀಕರಿಸುವ ಯಂತ್ರದ ಟ್ಯೂಬು. ಅದು 254 ನ್ಯಾನೋಮೀಟರಿನ ಯುವಿಸಿ, ಆಮೆಯ ಕಣ್ಣನ್ನೂ ನಿಮ್ಮ ಕಣ್ಣನ್ನೂ ಸುಡುತ್ತದೆ. ಇನ್ನೊಂದು ಹೋಟೆಲಿನಲ್ಲಿ ನೊಣ ಸೆಳೆಯಲು ಹಾಕುವ ನೀಲಿ ಟ್ಯೂಬು. ಅದು ಯುವಿಎ, ಡಿ3ಗೆ ಪ್ರಯೋಜನವಿಲ್ಲ. ಯುವಿ ತಾಗಿದರೆ ಬಣ್ಣ ಬದಲಿಸುವ ಕಾರ್ಡುಗಳೂ ಅಷ್ಟೇ, ಅವುಗಳಲ್ಲಿ ಹೆಚ್ಚಿನವು ಯುವಿಎಗೂ ಬಣ್ಣ ತಿರುಗುತ್ತವೆ. ಮೊಬೈಲ್ ಆ್ಯಪ್ ಯುವಿಬಿಯನ್ನು ಅಳೆಯಲಾರದು.

ಹಂತ 1: ಚೋಕ್ ಮತ್ತು ಟ್ಯೂಬು ಹೊಂದುತ್ತವೆಯೇ ನೋಡಿ

ಸದ್ದಿಲ್ಲದೆ ಕೈಕೊಡುವ ಹಂತ ಇದು. ಟಿ5ರಲ್ಲಿ ಎರಡು ಬಗೆ: ಸಾಮಾನ್ಯ ಟಿ5 ಮತ್ತು ಎಚ್‌ಒ. ಎರಡರ ಉದ್ದವೂ ಒಂದೇ, ಪಿನ್ನೂ ಒಂದೇ. ಸುಮಾರು 55 ಸೆಂ.ಮೀ. ಉದ್ದದಲ್ಲಿ ಸಾಮಾನ್ಯ ಟ್ಯೂಬು 14 ವ್ಯಾಟ್, ಎಚ್‌ಒ 24 ವ್ಯಾಟ್. 85 ಸೆಂ.ಮೀ.ಗೆ 21 ಮತ್ತು 39. 115 ಸೆಂ.ಮೀ.ಗೆ 28 ಮತ್ತು 54. ಹಳೆಯ ಫಾಲ್ಸ್ ಸೀಲಿಂಗಿನಿಂದ ಬಿಚ್ಚಿದ 28 ವ್ಯಾಟಿನ ಪಟ್ಟಿಗೆ 54 ವ್ಯಾಟಿನ ಯುವಿಬಿ ಟ್ಯೂಬು ಸಲೀಸಾಗಿ ಕೂರುತ್ತದೆ, ಹೊತ್ತಿಕೊಳ್ಳುತ್ತದೆ ಕೂಡ. ಆದರೆ ಅರ್ಧ ಶಕ್ತಿಯಲ್ಲಿ ಉರಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಚೋಕಿನ ಮೇಲೆ ಅಂಟಿಸಿದ ಚೀಟಿ ಓದಿ. ಟ್ಯೂಬಿನ ವ್ಯಾಟೇ ಅಲ್ಲಿಯೂ ಬರೆದಿರಬೇಕು. ಅಮೆರಿಕದಿಂದ ತಂದ ಫಿಟ್ಟಿಂಗ್ ಆಗಿದ್ದರೆ ವೋಲ್ಟೇಜನ್ನೂ ಓದಿ: 120 ವೋಲ್ಟ್ ಮಾತ್ರ ಎಂದಿದ್ದರೆ ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಚುಚ್ಚಿದ ಕ್ಷಣ ಹೊಗೆ. ಎಲ್‌ಇಡಿ ಪಟ್ಟಿಗಳಲ್ಲಿ ಈ ಟ್ಯೂಬು ನಡೆಯುವುದೇ ಇಲ್ಲ.

ಹಂತ 2: ಶಾಖ ಮೊದಲು, ಯುವಿಬಿ ಆಮೇಲೆ

ಆಮೆ ಯುವಿಬಿಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಬಿಸಿಯನ್ನೂ ಬೆಳಕನ್ನೂ ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಅದು ಬೆನ್ನು ಕಾಯಿಸಿಕೊಳ್ಳುವ ಜಾಗ ಮೊದಲು ನಿಗದಿಯಾಗಬೇಕು. ಪೆಟ್ಟಿಗೆಯ ಒಂದು ಬದಿಯಲ್ಲಿ ಚಪ್ಪಟೆ ಕಡಪ ಕಲ್ಲನ್ನಿಟ್ಟು ಅದರ ಮೇಲೆ ಶಾಖದ ಬಲ್ಬು ತೂಗುಹಾಕಿ. ಒಂದು ಗಂಟೆ ಕಳೆದ ಮೇಲೆ ಕಲ್ಲಿನ ಮೇಲ್ಮೈ 35 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರಬೇಕು. ಇನ್ನೊಂದು ತುದಿ ತಂಪಾಗಿರಲಿ, ಅಲ್ಲಿ ಪೂರ್ತಿ ಕತ್ತಲೆಯ ಅಡಗುತಾಣವೊಂದು ಇರಲಿ.

ಶಾಖ ಬೇಕಾಗಿರುವುದು ಆಮೆಯನ್ನು ಕರೆಯುವುದಕ್ಕಷ್ಟೇ ಅಲ್ಲ. ಯುವಿಬಿ ಬಿದ್ದಾಗ ಚರ್ಮದಲ್ಲಿ ಮೊದಲು ಹುಟ್ಟುವುದು ಡಿ3ರ ಪೂರ್ವರೂಪ. ಅದು ಡಿ3 ಆಗಿ ಮಾರ್ಪಡುವುದು ದೇಹದ ಬಿಸಿಯಿಂದ. ತಣ್ಣಗಿರುವ ಆಮೆಯ ಮೇಲೆ ಎಷ್ಟು ಕಿರಣ ಸುರಿದರೂ ಈ ಎರಡನೆಯ ಕೆಲಸ ಕುಂಟುತ್ತದೆ.

ಹಂತ 3: ಟ್ಯೂಬು ತೂಗುಹಾಕುವುದು

120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಪೆಟ್ಟಿಗೆಗೆ 55 ಸೆಂ.ಮೀ.ಯ 24 ವ್ಯಾಟ್ ಟ್ಯೂಬು ಸಾಕು. ಬಿಸಿಕಲ್ಲಿನ ಬದಿಗೆ ಬರುವಂತೆ, ಶಾಖದ ಬಲ್ಬಿನ ಪಕ್ಕದಲ್ಲೇ ತೂಗುಹಾಕಿ. ಪೆಟ್ಟಿಗೆಯ ಉದ್ದದ ಅರ್ಧಭಾಗಕ್ಕೆ ಯುವಿಬಿ ಬೀಳಲಿ, ಉಳಿದರ್ಧ ನೆರಳು. ಪೂರ್ತಿ ಪೆಟ್ಟಿಗೆಯನ್ನು ಬೆಳಗಿಸಿದರೆ ಆಮೆಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ದೀಪ ಯಾವಾಗಲೂ ಮೇಲಿನಿಂದಲೇ ಬೀಳಬೇಕು. ಆಮೆಯ ಕಣ್ಣಿನ ಮೇಲಿನ ಮೂಳೆಯ ಅಂಚು ನೆತ್ತಿಯ ಬಿಸಿಲಿಗೆ ಮರೆಯಾಗುತ್ತದೆ, ಪಕ್ಕದಿಂದ ಬರುವ ಕಿರಣಕ್ಕೆ ಆ ಮರೆಯಿಲ್ಲ. ಪಕ್ಕದ ಗೋಡೆಗೆ ಟ್ಯೂಬು ಬಡಿಯಬೇಡಿ.

ಟ್ಯೂಬಿಗೂ ಆಮೆಗೂ ನಡುವೆ ಗಾಜು, ಅಕ್ರಿಲಿಕ್, ಪಾಲಿಕಾರ್ಬೊನೇಟ್ ಹಾಳೆ ಯಾವುದೂ ಇರಕೂಡದು. ಇವು ಯುವಿಬಿಯನ್ನು ಬಹುತೇಕ ಪೂರ್ತಿ ತಡೆಯುತ್ತವೆ. ಕಿಟಕಿಯ ಗಾಜಿನ ಹಿಂದೆ ಬಿಸಿಲಿಗಿಟ್ಟ ಆಮೆಗೂ ಅದೇ ಗತಿ, ಬಿಸಿ ಮಾತ್ರ ಸಿಗುತ್ತದೆ. ಲೋಹದ ಜಾಲರಿ ಮೂರನೇ ಒಂದರಿಂದ ಅರ್ಧದವರೆಗೂ ನುಂಗಬಲ್ಲದು, ಎಷ್ಟು ಎಂಬುದು ಕಣ್ಣಿನ ಅಗಲ ಮತ್ತು ತಂತಿಯ ದಪ್ಪದ ಮೇಲೆ. ಬೆಕ್ಕಿನ ಕಾಟಕ್ಕೆ ಜಾಲರಿ ಬೇಕೇ ಬೇಕು ಎಂದಾದರೆ ಇರಲಿ, ಆದರೆ ಅಳೆಯುವಾಗ ಅದನ್ನು ಮುಚ್ಚಿಟ್ಟೇ ಅಳೆಯಿರಿ.

ಮೊದಲ ಸಲ ಟ್ಯೂಬನ್ನು ಚಿಪ್ಪಿನ ನೆತ್ತಿಯಿಂದ 45 ಸೆಂ.ಮೀ. ಎತ್ತರದಲ್ಲಿಡಿ. ಎತ್ತರದಿಂದ ಇಳಿಸುತ್ತ ಬರುವುದು ಕ್ಷೇಮ, ಹತ್ತಿರದಿಂದ ಏರಿಸುವುದಲ್ಲ.

ಹಂತ 4: ಅಳೆಯುವುದು

ಗುರಿ ಎಷ್ಟು ಎಂಬುದು ಮೊದಲೇ ಗೊತ್ತಿರಲಿ. ಸರೀಸೃಪಗಳು ಕಾಡಿನಲ್ಲಿ ಎಷ್ಟು ಯುವಿಗೆ ಒಡ್ಡಿಕೊಳ್ಳುತ್ತವೆ ಎಂಬುದನ್ನು ನೋಡಿ ಮಾಡಿದ ನಾಲ್ಕು ಫರ್ಗ್ಯೂಸನ್ ವಲಯಗಳಿವೆ. ಬಯಲಿನಲ್ಲೋ ಅರೆನೆರಳಿನಲ್ಲೋ ಬಿಸಿಲು ಕಾಯುವ ಪ್ರಾಣಿಗಳು ಮೂರನೆಯ ವಲಯಕ್ಕೆ ಸೇರುತ್ತವೆ. ಅಲ್ಲಿ ಸರಾಸರಿ ಯುವಿ ಇಂಡೆಕ್ಸ್ 1.0ರಿಂದ 2.6, ಗರಿಷ್ಠ 2.9ರಿಂದ 7.4. ಮನೆಯೊಳಗಿನ ಹರ್ಮನ್ ಮತ್ತು ಸುಲ್ಕಾಟಾಗೆ ಬಿಸಿಕಲ್ಲಿನ ಮೇಲೆ 3ರಿಂದ 4 ಇಟ್ಟುಕೊಂಡರೆ ಸಾಕು, ಅದಕ್ಕಿಂತ ಮೇಲೇರಿಸುವ ಅಗತ್ಯ ಬಹಳ ಅಪರೂಪ. ಮರಗಳ ನೆರಳಿನಲ್ಲಿ ಬದುಕುವ ಕೆಂಪುಕಾಲಿನ ಆಮೆಗೆ 2ರ ಆಸುಪಾಸು.

ಈಗ ಕ್ರಮ:

1. ದೀಪ ಹಚ್ಚಿ ಅರ್ಧ ಗಂಟೆ ಕಾಯಿರಿ. ಫ್ಲೋರೆಸೆಂಟ್ ಟ್ಯೂಬು ಬಿಸಿಯಾಗುವವರೆಗೆ ಅಂಕಿ ಏರಿಳಿಯುತ್ತದೆ. ಶಾಖದ ಬಲ್ಬೂ ಉರಿಯುತ್ತಿರಲಿ, ಪೆಟ್ಟಿಗೆ ದಿನವೂ ಇರುವ ಸ್ಥಿತಿಯಲ್ಲೇ ಇರಬೇಕು.

2. ಆಮೆಯನ್ನು ಹೊರಗೆ ತೆಗೆದಿಡಿ. ಚಿಪ್ಪಿನ ನೆತ್ತಿಯ ಎತ್ತರವನ್ನು ನೆಲದಿಂದ ಅಳೆದು ಬರೆದುಕೊಳ್ಳಿ.

3. ಮೀಟರಿನ ಕಣ್ಣು ಅದರ ಮೇಲ್ತುದಿಯಲ್ಲಿದೆ, ಮೀಟರ್ 10 ಸೆಂ.ಮೀ.ಗಿಂತ ತುಸು ಉದ್ದ. ನಾಲ್ಕು ಸೆಂ.ಮೀ. ಎತ್ತರದ ಮರಿಯ ಜಾಗದಲ್ಲಿ ಮೀಟರನ್ನು ನೆಟ್ಟಗೆ ನಿಲ್ಲಿಸಿದರೆ ಕಣ್ಣು ಮರಿಯ ಬೆನ್ನಿಗಿಂತ ಆರು ಸೆಂ.ಮೀ.ಗೂ ಹೆಚ್ಚು ಮೇಲಿರುತ್ತದೆ, ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ಆದ್ದರಿಂದ ಬಿಸಿಕಲ್ಲನ್ನು ಸರಿಸಿ, ಮಣ್ಣಿನಲ್ಲಿ ಗುಂಡಿ ತೋಡಿ, ಮೀಟರನ್ನು ಕುತ್ತಿಗೆಯವರೆಗೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗುಂಡಿಗಿಳಿಸಿ, ಕಣ್ಣು ಸರಿಯಾಗಿ ಚಿಪ್ಪಿನ ಎತ್ತರಕ್ಕೆ ಬರುವಂತೆ ಹಿಡಿಯಿರಿ. ಕಣ್ಣಿನ ಮೇಲೆ ಚೀಲ ಬರಕೂಡದು.

4. ಕಣ್ಣು ನೇರ ಟ್ಯೂಬಿಗೆ ಮುಖಮಾಡಿರಲಿ. ಸ್ವಲ್ಪ ಆಚೀಚೆ ಓಲಾಡಿಸಿ, ಗರಿಷ್ಠ ಬಂದಲ್ಲಿ ನಿಲ್ಲಿಸಿ, ಅಂಕಿ ನೆಲೆಗೊಂಡ ಮೇಲೆ ಬರೆದುಕೊಳ್ಳಿ. ನಿಮ್ಮ ತಲೆಯೋ ಕೈಯೋ ಅಡ್ಡ ಬರದಿರಲಿ.

5. ಐದು ಕಡೆ ಅಳೆಯಿರಿ: ಬಿಸಿಕಲ್ಲಿನ ನಡುಮಧ್ಯ, ಅಲ್ಲಿಂದ 15 ಸೆಂ.ಮೀ. ದೂರ, 30 ಸೆಂ.ಮೀ. ದೂರ, ಊಟದ ತಟ್ಟೆಯ ಜಾಗ, ಅಡಗುತಾಣದ ಬಾಯಿ. ಉದಾಹರಣೆಗೆ 3.6, 2.7, 1.3, 0.6, 0 ಎಂದು ಬಂದರೆ ಅದು ಚೆಂದದ ಇಳಿಜಾರು. ಐದೂ ಕಡೆ 3 ಬಂದರೆ ಟ್ಯೂಬು ಬೇಕಾದುದಕ್ಕಿಂತ ಉದ್ದವಾಯಿತು.

6. ನಡುಮಧ್ಯದ ಅಂಕಿ ಕಡಿಮೆ ಇದ್ದರೆ ಸರಪಳಿಯನ್ನು 5 ಸೆಂ.ಮೀ. ಇಳಿಸಿ ಮತ್ತೆ ಅಳೆಯಿರಿ. ಲೆಕ್ಕ ಹಾಕಿ ಊಹಿಸಲು ಹೋಗಬೇಡಿ. ಉದ್ದ ಟ್ಯೂಬು, ರಿಫ್ಲೆಕ್ಟರ್, ಪೆಟ್ಟಿಗೆಯ ಬಿಳಿ ಗೋಡೆ ಎಲ್ಲ ಸೇರಿದಾಗ ಪುಸ್ತಕದ ಸೂತ್ರ ತಾಳೆಯಾಗುವುದಿಲ್ಲ.

ಮೀಟರಿನ ಮೇಲೇ ಅನುಮಾನ ಬಂದರೆ ಬಯಲಿಗೆ ಒಯ್ದು ನೋಡಿ. ಏಪ್ರಿಲ್‌ನ ಮೋಡವಿಲ್ಲದ ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಅದು 10 ದಾಟಬೇಕು. ಡಿಸೆಂಬರ್‌ನಲ್ಲಿ ಲಂಡನ್ನಿನ ಮಧ್ಯಾಹ್ನ ಅದೇ ಮೀಟರ್ 1ರ ಸುತ್ತಲೇ ಒದ್ದಾಡುತ್ತದೆ. ಅಲ್ಲಿನವರಿಗೆ ಚಳಿಗಾಲದಲ್ಲಿ ದೀಪವೊಂದೇ ಆಸರೆ ಎಂಬುದು ಇದರಿಂದಲೇ ತಿಳಿಯುತ್ತದೆ. ಇಲ್ಲಿ ಮನೆಗೆ ಅಂಗಳವಿದ್ದರೆ, ನೆರಳೂ ನೀರೂ ಇಟ್ಟು ಬೆಳಗಿನ ಎಳೆಬಿಸಿಲಿಗೆ ಬಿಡುವುದು ಯಾವ ಟ್ಯೂಬಿಗಿಂತಲೂ ಮೇಲು. ಗಾಜಿನ ತೊಟ್ಟಿಯಲ್ಲಿಟ್ಟು ಮಾತ್ರ ಬಿಸಿಲಿಗೆ ಒಯ್ಯಬೇಡಿ, ಕೆಲವೇ ನಿಮಿಷಗಳಲ್ಲಿ ಆಮೆ ಬೆಂದುಹೋದೀತು.

ಹಂತ 5: ಮೂಲ ಅಂಕಿ ಬರೆದಿಡುವುದು

ಹೊಸ ಟ್ಯೂಬು ಮೊದಲ ನೂರು ಗಂಟೆಗಳಲ್ಲಿ ಚುರುಕಾಗಿ ಇಳಿದು, ಆಮೇಲೆ ನಿಧಾನಗೊಳ್ಳುತ್ತದೆ. ಹಾಗಾಗಿ ಕೊಂಡ ದಿನದ ಅಂಕಿ ಮೂಲವಲ್ಲ. ದಿನಕ್ಕೆ 12 ಗಂಟೆ ಉರಿಸಿದರೆ ಒಂಬತ್ತನೇ ದಿನ ಮತ್ತೊಮ್ಮೆ ಅಳೆಯಿರಿ, ಅದೇ ನಿಮ್ಮ ಮೂಲ ಅಂಕಿ. ಟ್ಯೂಬಿನ ತುದಿಯ ಲೋಹದ ಮೇಲೆ ಮಾರ್ಕರಿನಿಂದ ತಾರೀಖು ಬರೆಯಿರಿ. ನೋಟ್‌ಬುಕ್ಕಿನಲ್ಲಿ ತಾರೀಖು, ಚಿಪ್ಪಿನಿಂದ ಟ್ಯೂಬಿಗಿರುವ ದೂರ, ಜಾಲರಿ ಇತ್ತೇ ಇಲ್ಲವೇ, ಐದೂ ಅಂಕಿ. ದೂರ ಬರೆಯದೆ ಅಂಕಿ ಮಾತ್ರ ಬರೆದವರು ಆರು ತಿಂಗಳ ನಂತರ ತಲೆ ಕೆರೆದುಕೊಳ್ಳುತ್ತಾರೆ.

ಟೈಮರನ್ನು 10ರಿಂದ 12 ಗಂಟೆಗೆ ಇಡಿ. ರಾತ್ರಿ ಪೂರ್ತಿ ಕತ್ತಲೆ.

ಹಂತ 6: ತಿಂಗಳ ಕೆಲಸ

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಟ್ಯೂಬು ತಣ್ಣಗಾದ ಮೇಲೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಟ್ಯೂಬನ್ನೂ ರಿಫ್ಲೆಕ್ಟರನ್ನೂ ಒರೆಸಿ. ಬಿಸಿನೀರಿನ ಹಬೆಯ ಕಲೆ ಕೂತಿದ್ದರೆ ಬಟ್ಟೆಗೆ ತುಸು ಸ್ಪಿರಿಟ್ ಹಾಕಿಕೊಳ್ಳಿ. ರಸ್ತೆಬದಿಯ ಮನೆಗಳಲ್ಲಿ, ಒಗ್ಗರಣೆಯ ಹೊಗೆ ಬರುವ ಅಡುಗೆಮನೆಯ ಪಕ್ಕದಲ್ಲಿ ಹದಿನೈದು ದಿನಕ್ಕೊಮ್ಮೆ ಒರೆಸಬೇಕಾದೀತು. ಜಾಲರಿಯನ್ನು ಎಲ್ಲರೂ ಮರೆಯುತ್ತಾರೆ. ಧೂಳು ಅದರ ಕಣ್ಣುಗಳನ್ನೇ ಮುಚ್ಚಿರುತ್ತದೆ, ತೊಳೆದು ಒಣಗಿಸಿ.

ಒರೆಸಿದ ಮೇಲೆ ಮತ್ತೆ ಅಳೆಯಿರಿ, ಒರೆಸುವ ಮೊದಲಲ್ಲ. ಕೊಳೆಯನ್ನು ಟ್ಯೂಬಿನ ಮುಪ್ಪು ಎಂದುಕೊಂಡು ಇನ್ನೂ ಚೆನ್ನಾಗಿರುವ ಟ್ಯೂಬನ್ನು ಎಸೆಯುವವರು ಕಡಿಮೆಯಿಲ್ಲ.

ಅಂಕಿ ಏರಿದ್ದರೆ ಬೆಚ್ಚಬೇಡಿ, ದೂರ ನೋಡಿ. ಆಮೆ ಬೆಳೆದಿರುತ್ತದೆ, ಅಥವಾ ನೀವು ಮೇಲೆ ಕೊಕೊಪೀಟ್ ಸುರಿದಿರುತ್ತೀರಿ. ನೆಲ ಐದು ಸೆಂ.ಮೀ. ಏರಿದರೆ ಬೆನ್ನೂ ಐದು ಸೆಂ.ಮೀ. ದೀಪದ ಹತ್ತಿರ ಬಂದಂತೆ. ಸುಲ್ಕಾಟಾ ಮರಿ ವರ್ಷದಲ್ಲಿ ಬೆಳೆಯುವ ವೇಗಕ್ಕೆ ಸರಪಳಿಯ ಕೊಂಡಿ ಬದಲಾಗುತ್ತಲೇ ಇರಬೇಕು.

ಹಂತ 7: ಟ್ಯೂಬು ಬದಲಿಸುವುದು ಯಾವಾಗ

ಅದೇ ದೂರದಲ್ಲಿ, ಒರೆಸಿದ ಮೇಲೆ, ಅಂಕಿ ಮೂಲದ 70 ಪ್ರತಿಶತಕ್ಕೆ ಇಳಿದಿದ್ದರೆ ಹೊಸ ಟ್ಯೂಬು ತರಿಸಿಕೊಳ್ಳಿ. ಮೂಲ 3.6 ಇದ್ದರೆ 2.5ಕ್ಕೆ ಬಂದಾಗ. ಅದು ತಲುಪುವವರೆಗೆ ದೀಪವನ್ನು ತುಸು ಇಳಿಸಿಕೊಂಡು ಕಾಲ ನೂಕಬಹುದು. ಮೀಟರ್ ಇಲ್ಲದವರಿಗೆ ಕ್ಯಾಲೆಂಡರೇ ಗತಿ: ಟಿ5ಗೆ 12 ತಿಂಗಳು, ಟಿ8 ಮತ್ತು ಕಾಂಪ್ಯಾಕ್ಟ್‌ಗೆ 6 ತಿಂಗಳು.

ಹೆಚ್ಚಿನ ಅನಾಹುತ ಆಗುವುದು ಬದಲಿಸುವ ದಿನವೇ. ಹಳೆಯ ಟ್ಯೂಬು ಸೊರಗಿದಂತೆಲ್ಲ ಫಿಟ್ಟಿಂಗನ್ನು ಇಳಿಸಿಕೊಂಡು ಬಂದಿರುತ್ತೀರಿ. ಅದೇ ಎತ್ತರದಲ್ಲಿ ಹೊಸತನ್ನು ಹಾಕಿದರೆ ಆಮೆಯ ಮೇಲೆ ದಿಢೀರನೆ ದುಪ್ಪಟ್ಟು ಕಿರಣ ಬೀಳಬಹುದು. ಹೊಸ ಟ್ಯೂಬು ಹಾಕುವ ಮೊದಲು ಸರಪಳಿಯನ್ನು 45 ಸೆಂ.ಮೀ.ಗೆ ಏರಿಸಿ, ಹಂತ 4ರಿಂದ ಶುರುಮಾಡಿ.

ಮರ್ಕ್ಯುರಿ ವೇಪರ್ ಬಲ್ಬು ಬಳಸುವವರಿಗೆ

ಶಾಖವನ್ನೂ ಯುವಿಬಿಯನ್ನೂ ಒಟ್ಟಿಗೇ ಕೊಡುವ ಈ ಬಲ್ಬು ದೊಡ್ಡ ಆಮೆಗೆ ಅನುಕೂಲ, ಪುಟ್ಟ ಪೆಟ್ಟಿಗೆಗೆ ಅಲ್ಲ. ಪಿಂಗಾಣಿ ಹೋಲ್ಡರಿನಲ್ಲೇ ಹಾಕಿ, ನೆಟ್ಟಗೆ ಕೆಳಮುಖವಾಗಿ ತೂಗುಹಾಕಿ. ಡಿಮ್ಮರಿಗಾಗಲಿ ಥರ್ಮೋಸ್ಟಾಟಿಗಾಗಲಿ ಜೋಡಿಸಬೇಡಿ. ಕರೆಂಟು ಹೋಗಿ ಬಂದರೆ ತಣಿಯುವವರೆಗೆ ಅದು ಹೊತ್ತಿಕೊಳ್ಳುವುದಿಲ್ಲ. ಕೆಟ್ಟಿತೆಂದು ಎಸೆಯಬೇಡಿ, ಕಾಲು ಗಂಟೆ ಕಾದು ನೋಡಿ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಟಿ5 ಟ್ಯೂಬೇ ವಾಸಿ.

ಆಮೆಯ ಮೈ ಹೇಳುವ ಎಚ್ಚರಿಕೆ

ಯುವಿಬಿ ಸಾಲದಿದ್ದರೆ ಲಕ್ಷಣ ವಾರಗಳಲ್ಲಿ, ತಿಂಗಳುಗಳಲ್ಲಿ ತೋರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಚಿಪ್ಪು ಬಾಗುವುದು, ದವಡೆ ಮೆತ್ತಗಾಗುವುದು, ಹೊಟ್ಟೆಯನ್ನು ನೆಲದಿಂದ ಎತ್ತದೆ ತೆವಳುವುದು, ಕಾಲು ಊದಿಕೊಳ್ಳುವುದು, ನಡುಗುವುದು. ತೀರಾ ಎಳೆಯ ಮರಿಯ ಚಿಪ್ಪು ಸಹಜವಾಗಿಯೇ ತುಸು ಬಾಗುತ್ತದೆ, ತಿಂಗಳುಗಳು ಕಳೆದಂತೆ ಗಟ್ಟಿಯಾಗುವ ಬದಲು ಮೆತ್ತಗಾಗುತ್ತ ಹೋದರೆ ಅದು ರೋಗ. ಇಲ್ಲಿ ದೀಪ ಸರಿಪಡಿಸಿದರಷ್ಟೇ ಸಾಲದು, ಸರೀಸೃಪ ಬಲ್ಲ ಪಶುವೈದ್ಯರಿಗೆ ಅದೇ ವಾರ ತೋರಿಸಿ. ಚಿಪ್ಪಿನ ಮೇಲೆ ಗೋಪುರದಂತೆ ಏಳುವ ಉಬ್ಬುಗಳಿಗೆ ಮಾತ್ರ ದೀಪವನ್ನೇ ದೂರಬೇಡಿ, ಮರಿಯಾಗಿದ್ದಾಗ ತೇವ ಸಾಲದಿರುವುದು ಅದಕ್ಕೆ ದೊಡ್ಡ ಕಾರಣ.

ಯುವಿಬಿ ಅತಿಯಾದರೆ ಲಕ್ಷಣ ಒಂದೆರಡು ದಿನದಲ್ಲೇ ಕಾಣುತ್ತದೆ. ಕಣ್ಣು ಊದಿ ಮುಚ್ಚಿಕೊಳ್ಳುವುದು, ತಿನ್ನದಿರುವುದು, ಯಾವಾಗಲೂ ದೀಪಕ್ಕೆ ಬೆನ್ನು ಹಾಕಿ ಮೂಲೆ ಸೇರುವುದು. ಹೊಸ ಟ್ಯೂಬು ಹಾಕಿದ ವಾರದಲ್ಲಿ ಹೀಗಾದರೆ ಯೋಚಿಸುತ್ತ ಕೂರಬೇಡಿ, ಟ್ಯೂಬು ಆರಿಸಿ, ಶಾಖ ಮಾತ್ರ ಉಳಿಸಿ, ವೈದ್ಯರಿಗೆ ತೋರಿಸಿ. ಆಮೇಲೆ ಮೀಟರ್ ಹಿಡಿಯಿರಿ.

ದೀಪದ ಅಂಕಿ ಸರಿಯಿದ್ದರೆ ಆಹಾರಕ್ಕೆ ಉದುರಿಸುವ ಕ್ಯಾಲ್ಸಿಯಂ ಪುಡಿ ಡಿ3 ಇಲ್ಲದ್ದೇ ಇರಲಿ. ಚರ್ಮದಲ್ಲಿ ತಯಾರಾಗುವ ಡಿ3 ಮಿತಿ ಮೀರದಂತೆ ದೇಹವೇ ನೋಡಿಕೊಳ್ಳುತ್ತದೆ, ಬಾಯಿಗೆ ಹಾಕಿದ್ದಕ್ಕೆ ಆ ತಡೆ ಇಲ್ಲ.

ಹಂತ 8: ಹಳೆಯ ಟ್ಯೂಬನ್ನು ಎಸೆಯುವುದು

ಒಳಗೆ ಪಾದರಸವಿದೆ. ಹಸಿಕಸ, ಒಣಕಸ ಎರಡಕ್ಕೂ ಹಾಕಬೇಡಿ. ಹೊಸ ಟ್ಯೂಬಿನ ರಟ್ಟಿನ ಕೊಳವೆಯಲ್ಲೇ ತುಂಬಿಟ್ಟು ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ. ಕೈಜಾರಿ ಒಡೆದರೆ ಮಕ್ಕಳನ್ನೂ ಆಮೆಯನ್ನೂ ಬೇರೆ ಕೋಣೆಗೆ ಕಳಿಸಿ, ಫ್ಯಾನ್ ಆರಿಸಿ, ಕಿಟಕಿ ತೆರೆದು ಕಾಲು ಗಂಟೆ ಹೊರಗಿರಿ. ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಎರಡೂ ಪಾದರಸವನ್ನು ಮನೆ ತುಂಬ ಹರಡುತ್ತವೆ. ಗಟ್ಟಿ ರಟ್ಟಿನಿಂದ ಚೂರುಗಳನ್ನು ಬಾಚಿ, ಉಳಿದ ಪುಡಿಯನ್ನು ಅಗಲ ಟೇಪಿಗೆ ಅಂಟಿಸಿಕೊಂಡು, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಭರಣಿಗೆ ಹಾಕಿ. ಪೆಟ್ಟಿಗೆಯೊಳಗೇ ಒಡೆದಿದ್ದರೆ ಮಣ್ಣನ್ನು ಜರಡಿ ಹಿಡಿದು ಉಳಿಸಿಕೊಳ್ಳುವ ಆಸೆ ಬಿಡಿ, ಪೂರ್ತಿ ತೆಗೆದು ಹೊಸ ಮಣ್ಣು ತುಂಬಿ. ನೆಲದ ಎತ್ತರ ಬದಲಾಗಿರುತ್ತದೆ, ಹಾಗಾಗಿ ಆಮೆಯನ್ನು ಒಳಗೆ ಬಿಡುವ ಮುನ್ನ ಮತ್ತೆ ಅಳೆಯಿರಿ.